ಎಚ್ಚರಿಕೆ ಬಂದಿತು, ಅನುಪಾಲನೆ ಎಲ್ಲಿ?

2024ರ ಡಿಸೆಂಬರ್ ಮತ್ತು 2025ರ ಜನವರಿ ತಿಂಗಳುಗಳಲ್ಲಿ ರಾಜ್ಯದ ನೋಂದಣಿ ಮತ್ತು ಮುದ್ರಾಂಕ ಇಲಾಖೆಯ ‘ಕಾವೇರಿ 2.0’ ತಂತ್ರಾಂಶದ ಮೇಲೆ ದಾಳಿ ನಡೆಯಿತು. ದಾಳಿಯೆಂದರೆ ಯಾರೋ ಒಳನುಗ್ಗಿ ದಾಖಲೆಗಳನ್ನು ಹೊತ್ತೊಯ್ದರೆಂದು ಅರ್ಥವಲ್ಲ. ನಕಲಿ ಖಾತೆಗಳನ್ನು ಸೃಷ್ಟಿಸಿ, ಋಣಭಾರ ಪ್ರಮಾಣಪತ್ರದ ಹುಡುಕಾಟದ ನೆಪದಲ್ಲಿ ಯಂತ್ರಗಳ ಮೂಲಕ ಲೆಕ್ಕವಿಲ್ಲದಷ್ಟು ಕೋರಿಕೆಗಳನ್ನು ಸುರಿದು ಇಡೀ ವ್ಯವಸ್ಥೆ ಉಸಿರುಗಟ್ಟುವಂತೆ ಮಾಡುವ ತಂತ್ರವದು. ಸಂತೆಯ ದಿನ ಅಂಗಡಿಯ ಬಾಗಿಲಿಗೆ ಕೊಳ್ಳುವ ಉದ್ದೇಶವೇ ಇಲ್ಲದ ನೂರು ಜನರನ್ನು ಕಳುಹಿಸಿ ನಿಜವಾದ ಗಿರಾಕಿಗೆ ದಾರಿ ಇಲ್ಲದಂತೆ ಮಾಡಿದ ಹಾಗೆ. ರಾಜ್ಯದಾದ್ಯಂತ ನೋಂದಣಿ ಕಾರ್ಯ ಅಸ್ತವ್ಯಸ್ತವಾಯಿತು. ಫೆಬ್ರವರಿಯಲ್ಲಿ ಇಲಾಖೆ ಸೈಬರ್ ಅಪರಾಧ ಪೊಲೀಸರ ಮೊರೆಹೊಕ್ಕಿತು. ಆಗ ನಡೆದ ಚರ್ಚೆಯೆಲ್ಲ ಬಹುಮಟ್ಟಿಗೆ ಬೆಂಗಳೂರಿನ ನಿವೇಶನ, ಫ್ಲ್ಯಾಟುಗಳ ನೋಂದಣಿ ಮತ್ತು ಸರ್ಕಾರಕ್ಕಾದ ವರಮಾನ ನಷ್ಟದ ಸುತ್ತ ಸುಳಿದಾಡಿತು. ಮೈಸೂರು ಜಿಲ್ಲೆಯ ಹುಣಸೂರು ಉಪವಿಭಾಗದಂತಹ ಪ್ರದೇಶಗಳಲ್ಲಿ ಇದರ ಪರಿಣಾಮವೇನು ಎಂಬ ಪ್ರಶ್ನೆಯನ್ನು ಕೇಳಿದವರು ಕಡಿಮೆ.

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಈ ನಾಲ್ಕೂ ಬಹುಕಾಲದಿಂದ ಒಂದೇ ಕಂದಾಯ ಉಪವಿಭಾಗದ ತಾಲ್ಲೂಕುಗಳು. ಈಚೆಗೆ ಎಚ್.ಡಿ. ಕೋಟೆಯಿಂದ ಸರಗೂರು, ಕೆ.ಆರ್. ನಗರದಿಂದ ಸಾಲಿಗ್ರಾಮ ಬೇರೆಯಾಗಿವೆ. ಇಲ್ಲಿನ ಭೂದಾಖಲೆ ಎಂಬುದು ಬರಿಯ ಕಾಗದವಲ್ಲ. ಹುಣಸೂರಿನ ಕಲ್ಲಹಳ್ಳಿಯವರಾದ ದೇವರಾಜ ಅರಸರ ಕಾಲದಲ್ಲಿ, 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯಿಂದ ಗೇಣಿದಾರ ಒಡೆಯನಾದದ್ದು ಪಹಣಿಯ ಒಂದು ಅಂಕಣದಲ್ಲಿ ಅವನ ಹೆಸರು ಏರಿದಾಗ. ಕಬಿನಿ ಜಲಾಶಯದಿಂದ ಎತ್ತಂಗಡಿಯಾದ ಕುಟುಂಬಗಳಿಗೆ ಮರುವಸತಿಯ ಜಮೀನಿನ ಹಕ್ಕು ಸಿದ್ಧವಾಗುವುದೂ ದಾಖಲೆಯಿಂದಲೇ. ಹೊಗೆಸೊಪ್ಪು ಬೆಳೆಗಾರನಿಗೆ ಬ್ಯಾಂಕು ಸಾಲ ಕೊಡಬೇಕಾದರೆ ಮೊದಲು ಕೇಳುವುದು ಪಹಣಿ ಮತ್ತು ಋಣಭಾರ ಪತ್ರವನ್ನು. ಡಿ.ಬಿ. ಕುಪ್ಪೆಯಂತಹ ಕಾಡಂಚಿನ ಊರಿನಿಂದ ಬಸ್ಸು ಹಿಡಿದು ತಾಲ್ಲೂಕು ಕೇಂದ್ರಕ್ಕೆ ಬಂದವನಿಗೆ ‘ಸರ್ವರ್ ಇಲ್ಲ, ನಾಳೆ ಬನ್ನಿ’ ಎಂದರೆ ಹೋಗುವುದು ಒಂದು ದಿನದ ಕೂಲಿ ಮತ್ತು ಬಸ್ ಚಾರ್ಜು. ಮರುದಿನವೂ ಹಾಗೆಯೇ ಆದರೆ ಅದರ ಎರಡರಷ್ಟು. ಈ ನಷ್ಟ ಯಾವ ಇಲಾಖೆಯ ಲೆಕ್ಕಪತ್ರದಲ್ಲಿಯೂ ಕಾಣಿಸುವುದಿಲ್ಲ. ಅರ್ಥಶಾಸ್ತ್ರದ ವಿದ್ಯಾರ್ಥಿಗಳು ಇದನ್ನು ಬಾಹ್ಯ ವೆಚ್ಚವೆಂದು ಕರೆಯುತ್ತಾರೆ: ತಪ್ಪು ಒಬ್ಬರದು, ತೆರುವವರು ಇನ್ನೊಬ್ಬರು.

ಕಾವೇರಿ ಪ್ರಕರಣದ ಒಳವಿವರಗಳ ವಿಮರ್ಶೆ ನನ್ನ ಉದ್ದೇಶವಲ್ಲ. ನನ್ನ ಪ್ರಶ್ನೆ ಬೇರೆ. ಇಂದಿನ ಗಣಕ ವ್ಯವಸ್ಥೆಗಳಲ್ಲಿ ಅಪಾಯದ ಗಂಟೆ ಬಾರಿಸುವ ಸಾಧನಗಳಿಗೆ ಕೊರತೆಯಿಲ್ಲ. ಸ್ವಂತ ದತ್ತಾಂಶ ಕೇಂದ್ರದಲ್ಲಿರಲಿ, ಬಾಡಿಗೆಗೆ ಪಡೆದ ದೂರದ ಗಣಕಗಳ ಸಮೂಹದಲ್ಲಿರಲಿ — ಇದನ್ನೇ ಈಗ ಎಲ್ಲರೂ ಕ್ಲೌಡ್ ಎನ್ನುತ್ತಾರೆ — ‘ಈ ಕಡತದ ಕಪಾಟು ಲೋಕಕ್ಕೆಲ್ಲ ತೆರೆದಿದೆ’, ‘ಈ ಅಧಿಕಾರಿಯ ಖಾತೆಗೆ ಎರಡನೆಯ ಬೀಗವಿಲ್ಲ’, ‘ಈ ಯಂತ್ರದ ತಂತ್ರಾಂಶ ಹಳತಾಗಿದೆ’ ಎಂದು ಹಗಲಿರುಳೂ ಎಚ್ಚರಿಕೆಗಳು ಬರುತ್ತಲೇ ಇರುತ್ತವೆ. ಹೀಗೆ ಬಂದ ಎಚ್ಚರಿಕೆ ಯಾವ ಪುಸ್ತಕದಲ್ಲಿ ದಾಖಲಾಗುತ್ತದೆ? ಯಾರ ಹೆಸರಿಗೆ? ಯಾವ ಗಡುವಿಗೆ? ಅದು ಪರಿಹಾರವಾಯಿತೆಂದು ಹೇಳುವ ಅಧಿಕಾರ ಯಾರಿಗೆ?

ಸರ್ಕಾರಿ ಕನ್ನಡದಲ್ಲಿ ಇದಕ್ಕೊಂದು ಹಳೆಯ, ಒಳ್ಳೆಯ ಶಬ್ದವಿದೆ: ಅನುಪಾಲನೆ. ಮಹಾಲೇಖಪಾಲರ ತಂಡ ಬಂದು ಆಕ್ಷೇಪಣೆ ಎತ್ತಿದರೆ ಕಚೇರಿ ಅದಕ್ಕೆ ಅನುಪಾಲನಾ ವರದಿ ಕಳುಹಿಸಬೇಕು. ಆಕ್ಷೇಪಣೆಯ ಕಂಡಿಕೆಗೆ ಒಂದು ಸಂಖ್ಯೆ, ಮೊತ್ತ, ಕೈಗೊಂಡ ಕ್ರಮ, ಅದಕ್ಕೆ ಆಧಾರವಾದ ಚಲನ್ ಅಥವಾ ಆದೇಶದ ಪ್ರತಿ. ‘ಕ್ರಮ ಕೈಗೊಳ್ಳಲಾಗುತ್ತಿದೆ’ ಎಂದು ಬರೆದರೆ ಕಂಡಿಕೆ ಮುಕ್ತಾಯವಾಗುವುದಿಲ್ಲ. ಮುಂದಿನ ವರ್ಷ ಮತ್ತೆ ಎದ್ದು ಕೂರುತ್ತದೆ. ಖಾಸಗಿ ಕಂಪನಿಗಳು ಈಗ ಸಾಕಷ್ಟು ಹಣ ತೆತ್ತು ಕೊಳ್ಳುತ್ತಿರುವ ‘ಅನುಪಾಲನಾ ನಿರ್ವಹಣಾ ತಂತ್ರಾಂಶ’ಗಳ ಒಳತಿರುಳು ಇದೇ. ಯಾವ ನಿಯಮ, ಅದಕ್ಕೆ ಹೊಣೆ ಯಾರು, ಗಡುವು ಯಾವುದು, ಸಾಕ್ಷ್ಯ ಏನು, ವಿನಾಯಿತಿ ಕೊಟ್ಟಿದ್ದರೆ ಎಷ್ಟು ದಿನಕ್ಕೆ — ಇವಿಷ್ಟೂ ಅದರ ಅಂಕಣಗಳು. ಕ್ಲೌಡಿನ ಎಚ್ಚರಿಕೆಯ ಅಂಕಣಗಳು ಬೇರೆ: ಯಾವ ತಪಾಸಣೆಯಲ್ಲಿ ಕಂಡಿತು, ಯಾವ ಯಂತ್ರ ಅಥವಾ ಕಪಾಟು, ಎಷ್ಟು ತೀವ್ರ, ಮೊದಲು ಕಂಡದ್ದು ಯಾವಾಗ, ಕೊನೆಗೆ ಕಂಡದ್ದು ಯಾವಾಗ, ಈಗ ತೆರೆದಿದೆಯೇ ಮುಚ್ಚಿದೆಯೇ. ಮೊದಲನೆಯದು ಮನುಷ್ಯರ ಭಾಷೆ, ಎರಡನೆಯದು ಯಂತ್ರದ ಭಾಷೆ. ಎರಡರ ನಡುವೆ ಅಂಕಣಕ್ಕೆ ಅಂಕಣ ಹೊಂದಿಸಿ ಸೇತುವೆ ಕಟ್ಟುವ ಕೆಲಸವನ್ನು ತಂತ್ರಜ್ಞರು ‘ಮ್ಯಾಪಿಂಗ್’ ಎನ್ನುತ್ತಾರೆ. ಇದೊಂದು ಗುಮಾಸ್ತಿಕೆಯ ಕೆಲಸವೆಂದು ತಿಳಿದು ಕಿರಿಯ ಎಂಜಿನಿಯರ್ ಒಬ್ಬರಿಗೆ ವಹಿಸಿಬಿಡುವುದು ರೂಢಿ. ವಾಸ್ತವದಲ್ಲಿ ಆಡಳಿತದ ಅತ್ಯಂತ ಸೂಕ್ಷ್ಮವಾದ ತೀರ್ಮಾನಗಳೆಲ್ಲ ಈ ಹೊಂದಾಣಿಕೆಯಲ್ಲಿಯೇ ಅಡಗಿವೆ.

ಇದಕ್ಕೆ ಉದಾಹರಣೆ ಹುಡುಕಲು ಬೆಂಗಳೂರಿನ ಐ.ಟಿ. ಪಾರ್ಕುಗಳಿಗೆ ಹೋಗಬೇಕಾಗಿಲ್ಲ. ಹುಣಸೂರಿನಲ್ಲಿಯೇ ಒಂದಿದೆ. ನಾಗರಹೊಳೆ ಹುಲಿ ಸಂರಕ್ಷಿತ ಪ್ರದೇಶದ ನಿರ್ದೇಶಕರ ಕಚೇರಿ ಇರುವುದು ಅಲ್ಲಿ. ಬೇಸಿಗೆಯಲ್ಲಿ ಬಿದಿರು ಒಣಗಿ ನಿಂತಾಗ ಈ ಕಾಡಿಗೆ ಬೆಂಕಿಯ ಭಯ ಎಷ್ಟೆಂಬುದನ್ನು ಎಚ್.ಡಿ. ಕೋಟೆಯವರಿಗೆ ಹೇಳಬೇಕಾಗಿಲ್ಲ. ಡೆಹ್ರಾಡೂನಿನ ಭಾರತೀಯ ಅರಣ್ಯ ಸರ್ವೇಕ್ಷಣ ಸಂಸ್ಥೆ 2004ರಿಂದ ಉಪಗ್ರಹದ ಮೂಲಕ ಕಾಳ್ಗಿಚ್ಚಿನ ಎಚ್ಚರಿಕೆ ನೀಡುತ್ತ ಬಂದಿದೆ. ಮೊದಲು ಬಳಸುತ್ತಿದ್ದ ಸಂವೇದಕಕ್ಕೆ ನೆಲದ ಸುಮಾರು ಒಂದು ಕಿಲೋಮೀಟರ್ ಚೌಕ ಒಂದು ಚುಕ್ಕೆಯಾಗಿ ಕಾಣುತ್ತಿತ್ತು. ಆಮೇಲೆ ಬಂದ ಸಂವೇದಕಕ್ಕೆ 375 ಮೀಟರ್ ಚೌಕ, ಅಂದರೆ ಸರಿಸುಮಾರು 35 ಎಕರೆ. ಉಪಗ್ರಹಕ್ಕೆ ಗೊತ್ತಿರುವುದು ಅಕ್ಷಾಂಶ, ರೇಖಾಂಶ, ಹೊತ್ತು ಮತ್ತು ಇದು ಬೆಂಕಿಯೇ ಎಂಬ ಬಗ್ಗೆ ತನಗಿರುವ ನಂಬಿಕೆಯ ಮಟ್ಟ. ಅದಕ್ಕೆ ವೀರನಹೊಸಹಳ್ಳಿ ಯಾವುದು, ಅಂತರಸಂತೆ ಯಾವುದು ತಿಳಿಯದು.

ಆ ವ್ಯವಸ್ಥೆ ಉಪಯುಕ್ತವಾದದ್ದು ಉಪಗ್ರಹ ಚುರುಕಾದುದರಿಂದ ಮಾತ್ರವಲ್ಲ. ಪ್ರತಿ ಚುಕ್ಕೆಯನ್ನೂ ವೃತ್ತ, ವಿಭಾಗ, ವಲಯ, ಗಸ್ತುಗಳ ಗಡಿಯ ನಕ್ಷೆಯ ಮೇಲಿಟ್ಟು, ಇದು ಇಂಥ ಗಸ್ತಿಗೆ ಸೇರಿದ್ದು ಎಂದು ಗುರುತಿಸಿ, ಸಂಬಂಧಪಟ್ಟವರ ಮೊಬೈಲಿಗೆ ಸಂದೇಶ ಕಳುಹಿಸತೊಡಗಿದ್ದರಿಂದ. ಅಲ್ಲಿಗೂ ಕೆಲಸ ಮುಗಿಯಲಿಲ್ಲ. ಗಸ್ತಿನ ಅರಣ್ಯ ರಕ್ಷಕ ಸ್ಥಳಕ್ಕೆ ಹೋಗಿ, ಅದು ಕಾಡಿನ ಬೆಂಕಿಯೋ, ಅಂಚಿನ ಹೊಲದಲ್ಲಿ ಯಾರೋ ಕಸಕಡ್ಡಿ ಸುಟ್ಟದ್ದೋ ಎಂದು ಮರುವರದಿ ಕೊಡಬೇಕು. ಎಚ್ಚರಿಕೆಗೆ ಒಡೆಯನೊಬ್ಬ ಸಿಕ್ಕಾಗ ಮಾತ್ರ ಅದು ಆಡಳಿತದ ವಿಷಯವಾಗುತ್ತದೆ. ಅಲ್ಲಿಯವರೆಗೆ ಅದು ಆಕಾಶದ ಸುದ್ದಿ. ನಮ್ಮ ಇಲಾಖೆಗಳ ಗಣಕಗಳಿಗೆ ಇಂತಹ ‘ಗಸ್ತಿನ ನಕ್ಷೆ’ ಇದೆಯೇ? ಮೂವತ್ತು ಅಕ್ಷರ, ಅಂಕಿಗಳ ಹೆಸರುಳ್ಳ ಯಂತ್ರವೊಂದು ಯಾವ ಇಲಾಖೆಯ, ಯಾವ ಸೇವೆಯದು, ಅದಕ್ಕೆ ಹೊಣೆಗಾರರಾದ ಅಧಿಕಾರಿ ಯಾರು, ಅವರು ವರ್ಗವಾಗಿ ಹೋದಾಗ ಆ ಹೆಸರು ಬದಲಾಗುತ್ತದೆಯೇ? ವರ್ಗಾವಣೆಯ ಋತುವನ್ನು ಬಲ್ಲ ಯಾರಿಗಾದರೂ ಕೊನೆಯ ಪ್ರಶ್ನೆಯ ತೂಕ ಅರ್ಥವಾಗುತ್ತದೆ.

ಇದು ಊಹೆಯ ಭಯವಲ್ಲ. 2017ರಲ್ಲಿ ಅಮೆರಿಕದ ಈಕ್ವಿಫ್ಯಾಕ್ಸ್ ಎಂಬ ಸಾಲಮಾಹಿತಿ ಸಂಸ್ಥೆಯಿಂದ ಸುಮಾರು 14.7 ಕೋಟಿ ಜನರ ವೈಯಕ್ತಿಕ ವಿವರಗಳು ಸೋರಿಹೋದವು. ದಾಳಿಗೆ ದಾರಿಯಾದ ದೋಷದ ಬಗ್ಗೆ ಆ ದೇಶದ ಸರ್ಕಾರಿ ಸಂಸ್ಥೆ ಮಾರ್ಚ್ ತಿಂಗಳಲ್ಲಿಯೇ ಎಚ್ಚರಿಕೆ ನೀಡಿತ್ತು. ಕಂಪನಿಯೊಳಗೆ ಅದನ್ನು ನೂರಾರು ಜನರಿಗೆ ಇ-ಮೇಲ್ ಮಾಡಿಯೂ ಇದ್ದರು. ಆದರೆ ವಿಳಾಸಪಟ್ಟಿ ಹಳೆಯದಾಗಿತ್ತು. ದೋಷವಿದ್ದ ಯಂತ್ರವನ್ನು ನೋಡಿಕೊಳ್ಳಬೇಕಾದವರಿಗೆ ಸುದ್ದಿ ತಲುಪಲೇ ಇಲ್ಲ. ಜೊತೆಗೆ, ಹೊರಹೋಗುವ ಮಾಹಿತಿಯನ್ನು ತಪಾಸಣೆ ಮಾಡಬೇಕಿದ್ದ ಉಪಕರಣದ ಪ್ರಮಾಣಪತ್ರದ ಅವಧಿ ತೀರಿ ಎಷ್ಟೋ ತಿಂಗಳುಗಳಾಗಿದ್ದರೂ ಯಾರೂ ನವೀಕರಿಸಿರಲಿಲ್ಲ. ಕಾವಲುಗಾರ ಕುರುಡಾಗಿದ್ದ, ಅವನಿಂದ ದೂರು ಬರುತ್ತಿಲ್ಲವಾದ್ದರಿಂದ ಎಲ್ಲವೂ ಕ್ಷೇಮವೆಂದು ಮನೆಯವರು ಭಾವಿಸಿದ್ದರು.

ಇನ್ನು ತೀವ್ರತೆಯ ಪ್ರಶ್ನೆ. ಯಂತ್ರವು ಪ್ರತಿ ಎಚ್ಚರಿಕೆಗೂ ಅತಿಗಂಭೀರ, ಗಂಭೀರ, ಮಧ್ಯಮ, ಅಲ್ಪ ಎಂಬ ಮುದ್ರೆ ಒತ್ತಿ ಕಳುಹಿಸುತ್ತದೆ. ಆ ಮುದ್ರೆ ದೋಷದ ಸ್ವರೂಪವನ್ನು ಹೇಳುತ್ತದೆಯೇ ಹೊರತು ಆ ಕಪಾಟಿನಲ್ಲಿ ಏನಿದೆ ಎಂಬುದನ್ನಲ್ಲ. ಪರೀಕ್ಷಾರ್ಥ ಇಟ್ಟ ಹುಸಿ ದತ್ತಾಂಶವೋ, ನಾಲ್ಕು ತಾಲ್ಲೂಕಿನ ರೈತರ ಫ್ರೂಟ್ಸ್ ನೋಂದಣಿ ಸಂಖ್ಯೆ, ಆಧಾರ್, ಬ್ಯಾಂಕ್ ಖಾತೆಗಳೋ ಯಂತ್ರಕ್ಕೆ ತಿಳಿಯುವುದಿಲ್ಲ. ಮಾಘ ಮಾಸದ ಒಣಬಿದಿರಿನ ನಡುವೆ ಕಂಡ ಅರೆನಂಬಿಕೆಯ ಕಿಡಿ ಪಿರಿಯಾಪಟ್ಟಣದ ಬಯಲಿನಲ್ಲಿ ಖಚಿತವಾಗಿ ಕಂಡ ಬೆಂಕಿಗಿಂತ ಹೆಚ್ಚು ಅಪಾಯಕಾರಿ ಎಂದು ಹೇಳಬಲ್ಲವನು ಆ ಕಾಡನ್ನು ಬಲ್ಲ ವಲಯ ಅರಣ್ಯಾಧಿಕಾರಿಯೇ. ಹೀಗಾಗಿ ಯಂತ್ರದ ತೀವ್ರತೆಯನ್ನು ಇದ್ದಕ್ಕಿದ್ದಂತೆಯೇ ಅನುಪಾಲನಾ ಪುಸ್ತಕದ ‘ಆದ್ಯತೆ’ ಅಂಕಣಕ್ಕೆ ನಕಲು ಮಾಡುವುದು ಹೊಣೆಗಾರಿಕೆಯಿಂದ ನುಣುಚಿಕೊಳ್ಳುವ ಸುಲಭೋಪಾಯ. ಏನು ಬೆಲೆಬಾಳುವುದು ಎಂಬುದನ್ನು ಇಲಾಖೆಯೇ ಮೊದಲು ಬರೆದಿಡಬೇಕು.

ಸಮಯದ ವಿಷಯ ಚಿಕ್ಕದಾಗಿ ಕಂಡರೂ ಚಿಕ್ಕದಲ್ಲ. ಕ್ಲೌಡ್ ಯಂತ್ರಗಳು ಸಾಮಾನ್ಯವಾಗಿ ದಿನಾಂಕ, ವೇಳೆಗಳನ್ನು ಅಂತರರಾಷ್ಟ್ರೀಯ ಕಾಲಮಾನದಲ್ಲಿ ಬರೆಯುತ್ತವೆ. ನಮ್ಮ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದು. ಮಾರ್ಚ್ 31ರ ರಾತ್ರಿ ಎಂಟಕ್ಕೆ ಬಂದಿತೆಂದು ಯಂತ್ರ ಬರೆದ ಎಚ್ಚರಿಕೆ ನಮ್ಮಲ್ಲಿ ಏಪ್ರಿಲ್ 1ರ ಬೆಳಗಿನ ಜಾವ ಒಂದೂವರೆ. ಅಂದರೆ ಹೊಸ ಆರ್ಥಿಕ ವರ್ಷ! ಭಾರತೀಯ ಕಂಪ್ಯೂಟರ್ ತುರ್ತು ಸ್ಪಂದನಾ ತಂಡ, ಅಂದರೆ ಸರ್ಟ್-ಇನ್, 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ ನಿಗದಿತ ಬಗೆಯ ಸೈಬರ್ ಘಟನೆಗಳನ್ನು ಗಮನಕ್ಕೆ ಬಂದ ಆರು ಗಂಟೆಯೊಳಗೆ ವರದಿ ಮಾಡಬೇಕು. ಸರ್ಕಾರಿ ಸಂಸ್ಥೆಗಳೂ ಇದಕ್ಕೆ ಹೊರತಲ್ಲ. ಆರು ಗಂಟೆಯ ಗಡುವಿನಲ್ಲಿ ಐದೂವರೆ ಗಂಟೆ ಕಾಲಮಾನದ ಗೊಂದಲಕ್ಕೇ ಆಹುತಿಯಾದರೆ ಉಳಿಯುವುದು ಅರ್ಧ ಗಂಟೆ. ಎಲ್ಲ ಗಣಕಗಳ ಗಡಿಯಾರವನ್ನೂ ಒಂದೇ ಅಧಿಕೃತ ಕಾಲಮಾನಕ್ಕೆ ಹೊಂದಿಸಬೇಕೆಂದು ಅದೇ ನಿರ್ದೇಶನ ಹೇಳಿರುವುದು ಸುಮ್ಮನೆ ಅಲ್ಲ. ದಿನಚರಿ ದಾಖಲೆಗಳನ್ನು 180 ದಿನ ಕಾಪಾಡಬೇಕೆಂಬ ನಿಯಮವೂ ಅದರಲ್ಲಿದೆ. ಆದರೆ ಎಚ್ಚರಿಕೆ ನೀಡುವ ಸಾಧನಗಳ ನೆನಪು ಅಷ್ಟು ದೀರ್ಘವಲ್ಲ. ಅಮೆಜಾನ್ ಕಂಪನಿಯ ಗಾರ್ಡ್‌ಡ್ಯೂಟಿ ಎಂಬ ಸೇವೆ ತಾನು ಕಂಡದ್ದನ್ನು ಇಟ್ಟುಕೊಳ್ಳುವುದು 90 ದಿನ. ಬೇರೆಡೆಗೆ ನಕಲು ತೆಗೆದಿಡದಿದ್ದರೆ ನಾಲ್ಕನೆಯ ತಿಂಗಳು ಬರುವ ತನಿಖಾಧಿಕಾರಿಗೆ ತೋರಿಸಲು ಏನೂ ಇರುವುದಿಲ್ಲ.

ಎಚ್ಚರಿಕೆಗಳ ಸಂಖ್ಯೆಯ ಬಗ್ಗೆಯೂ ಒಂದು ಮಾತು. ಒಂದೇ ಹಳೆಯ ತಂತ್ರಾಂಶ ಮುನ್ನೂರು ಯಂತ್ರಗಳಲ್ಲಿದ್ದರೆ ಮುನ್ನೂರು ಎಚ್ಚರಿಕೆ ಬರುತ್ತದೆ. ತಪ್ಪು ಮಾತ್ರ ಒಂದೇ. ಒಂದು ಎಚ್ಚರಿಕೆಗೆ ಒಂದು ಕಡತ ಎಂಬ ಲೆಕ್ಕದಲ್ಲಿ ಹೊರಟರೆ ಯಾವ ಕಚೇರಿಯೂ ಬದುಕಲಾರದು. ಹಿಂದೆ ಜಮಾಬಂದಿಗೆ ಹೋಗುತ್ತಿದ್ದಾಗ ನಾನು ಕಂಡದ್ದೂ ಇದನ್ನೇ. ಒಂದು ಹೋಬಳಿಯಲ್ಲಿ ನೂರು ಸರ್ವೆ ನಂಬರುಗಳ ಬೆಳೆ ಕಾಲಂ ತಪ್ಪಾಗಿದ್ದರೆ ನೂರು ಆಕ್ಷೇಪಣೆ ಬರೆಯುವ ಬದಲು, ಗ್ರಾಮ ಲೆಕ್ಕಿಗ ಸ್ಥಳಕ್ಕೆ ಹೋಗದೆ ಹಿಂದಿನ ವರ್ಷದ ಬೆಳೆಯನ್ನು ನಕಲು ಮಾಡಿದ್ದಾನೆಂದು ಒಂದು ಆಕ್ಷೇಪಣೆ ಬರೆದು, ಆ ನೂರನ್ನು ಅದಕ್ಕೆ ಅನುಬಂಧವಾಗಿ ಲಗತ್ತಿಸುವುದು ಬಲ್ಲ ಶಿರಸ್ತೇದಾರರ ಕ್ರಮ. ಕಾರಣ ಒಂದು ಕಡತ, ಲಕ್ಷಣಗಳು ಅನುಬಂಧ. ಅದೇ ರೀತಿ ತೆರೆದ ಕಪಾಟಿನ ಒಂದೇ ಎಚ್ಚರಿಕೆ ಏಕಕಾಲಕ್ಕೆ ಸರ್ಟ್-ಇನ್ ನಿರ್ದೇಶನ, ವೈಯಕ್ತಿಕ ದತ್ತಾಂಶ ಕಾಯಿದೆ, ಅಂತರರಾಷ್ಟ್ರೀಯ ಐ.ಎಸ್.ಒ. 27001 ಮಾನದಂಡದ 93 ನಿಯಂತ್ರಣಗಳಲ್ಲಿ ಹಲವಕ್ಕೆ ತಾಗಬಹುದು. ಅಲ್ಲಿ ಒಂದು ಎಚ್ಚರಿಕೆಗೆ ಹಲವು ಬಾಧ್ಯತೆ. ಈ ಎರಡೂ ದಿಕ್ಕಿನ ನಂಟನ್ನು ಅರಿಯದೆ ಯಂತ್ರದಿಂದ ಪುಸ್ತಕಕ್ಕೆ ಕೊಳವೆ ಜೋಡಿಸಿದರೆ ಪುಸ್ತಕ ತುಂಬುತ್ತದೆ, ಓದುವವರಿರುವುದಿಲ್ಲ. ಮಾಹಿತಿ ಸಮೃದ್ಧವಾದಾಗ ವಿರಳವಾಗುವ ಸಂಪನ್ಮೂಲ ಮನುಷ್ಯನ ಗಮನ ಎಂಬ ವಿಚಾರವನ್ನು 1978ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಹರ್ಬರ್ಟ್ ಸೈಮನ್ ಬಹಳ ಹಿಂದೆಯೇ ಮುಂದಿಟ್ಟಿದ್ದರು.

ಎಲ್ಲಕ್ಕಿಂತ ಹೆಚ್ಚು ಆತ್ಮವಂಚನೆ ನಡೆಯುವುದು ‘ವಿಲೇವಾರಿ’ ಎಂಬ ಅಂಕಣದಲ್ಲಿ. ತಪಾಸಣಾ ಸಾಧನಕ್ಕೆ ಒಂದು ದೋಷ ಮರುದಿನ ಕಾಣಿಸದಿದ್ದರೆ ಅದು ತಾನಾಗಿ ‘ಪರಿಹಾರವಾಗಿದೆ’ ಎಂದು ಗುರುತು ಹಾಕಿಬಿಡಬಹುದು. ದೋಷ ನಿಜಕ್ಕೂ ಸರಿಯಾಗಿರಬಹುದು. ಯಾರೋ ತಪಾಸಣೆಯ ಅನುಮತಿಯನ್ನೇ ಕಿತ್ತುಹಾಕಿರಲೂಬಹುದು. ಅನುಪಾಲನಾ ಪುಸ್ತಕ ಈ ಎರಡರ ವ್ಯತ್ಯಾಸ ತಿಳಿಯಬೇಕಾದರೆ ಸಾಕ್ಷ್ಯ ಕೇಳಬೇಕು. ಮುಚ್ಚಿದವರೊಬ್ಬರು, ಒಪ್ಪಿದವರು ಇನ್ನೊಬ್ಬರು ಆಗಿರಬೇಕು. 2012ರ ಏಪ್ರಿಲ್‌ನಲ್ಲಿ ರಾಜ್ಯಾದ್ಯಂತ ಜಾರಿಗೆ ಬಂದ ‘ಸಕಾಲ’ ಒಂದು ಶ್ಲಾಘನೀಯ ಸುಧಾರಣೆ ಎಂಬುದರಲ್ಲಿ ಎರಡು ಮಾತಿಲ್ಲ. ಆದರೂ ಗಡುವಿನ ಹಿಂದಿನ ಸಂಜೆ ‘ದಾಖಲೆ ಅಪೂರ್ಣ’ ಎಂಬ ಹಿಂಬರಹ ನೀಡಿ ಅರ್ಜಿಗಳನ್ನು ಸಾರಾಸಗಟಾಗಿ ಮುಗಿಸಿ, ತಿಂಗಳ ಪಟ್ಟಿಯಲ್ಲಿ ನೂರಕ್ಕೆ ನೂರು ತೋರಿಸಿದ ಕಚೇರಿಯನ್ನು ನಾನು ಕಂಡಿದ್ದೇನೆ. ಅಳತೆಯನ್ನೇ ಗುರಿಯಾಗಿಸಿದರೆ ಅಳತೆ ಕೆಡುತ್ತದೆ. ಸೈಬರ್ ಎಚ್ಚರಿಕೆಗಳಿಗೂ ತಾಲ್ಲೂಕುವಾರು ಶ್ರೇಯಾಂಕ ಪಟ್ಟಿ ಹೊರಡಿಸುವ ಉತ್ಸಾಹ ಯಾರಿಗಾದರೂ ಬಂದರೆ ಇದೇ ಕಥೆ ಮರುಕಳಿಸುತ್ತದೆ. ಅಷ್ಟಕ್ಕೂ ತಹಶೀಲ್ದಾರರಿಗಾಗಲಿ ಉಪನೋಂದಣಾಧಿಕಾರಿಗಾಗಲಿ ಈ ಯಂತ್ರಗಳ ಮೇಲೆ ಯಾವ ಹಿಡಿತವೂ ಇಲ್ಲ. ಹಿಡಿತವಿಲ್ಲದವನಿಗೆ ಹೊಣೆ ಹೊರಿಸುವುದು ಅನುಪಾಲನೆಯಲ್ಲ.

ಈವರೆಗೆ ಹೇಳಿದ್ದು ಗಂಟೆ ಬಾರಿಸಿದ ಪ್ರಸಂಗಗಳನ್ನು. ಗಂಟೆಯೇ ಬಾರಿಸದ ಪ್ರಸಂಗ ಇನ್ನೂ ಕಠಿಣ. 2023ರಲ್ಲಿ ಬೆಂಗಳೂರಿನ ಪೊಲೀಸರು ಬಯಲಿಗೆಳೆದ ವಂಚನೆಯನ್ನು ಓದುಗರು ನೆನಪಿಸಿಕೊಳ್ಳಬಹುದು. ನೋಂದಾಯಿತ ಕ್ರಯಪತ್ರಗಳ ಪ್ರತಿಗಳನ್ನು ಕಾವೇರಿ ಜಾಲತಾಣದಿಂದ ಪಡೆದು, ಅವುಗಳಲ್ಲಿದ್ದ ಹೆಬ್ಬೆಟ್ಟಿನ ಗುರುತಿನಿಂದ ನಕಲಿ ಬೆರಳಚ್ಚು ತಯಾರಿಸಿ, ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯ ಮೂಲಕ ಜನರ ಖಾತೆಗಳಿಂದ ಹಣ ಎತ್ತಿದ ಪ್ರಕರಣವದು. ಇಲ್ಲಿ ಯಾರೂ ಗೋಡೆ ಒಡೆಯಲಿಲ್ಲ, ಬೀಗ ಮುರಿಯಲಿಲ್ಲ. ಅರ್ಜಿ ಹಾಕಿ, ಶುಲ್ಕ ಕಟ್ಟಿ ಪ್ರತಿ ಪಡೆಯುವುದು ವ್ಯವಸ್ಥೆ ಉದ್ದೇಶಿಸಿದ ಕೆಲಸವೇ. ಆದ್ದರಿಂದ ಯಂತ್ರದ ದೃಷ್ಟಿಯಲ್ಲಿ ಎಚ್ಚರಿಕೆಗೆ ಕಾರಣವಿರಲಿಲ್ಲ.

ಈ ಪ್ರಕರಣದ ಮುಂದೆ ನಾಲ್ಕು ತಾಲ್ಲೂಕುಗಳ ಸ್ಥಿತಿಯನ್ನು ಇಟ್ಟು ನೋಡೋಣ. ಸಹಿಗಿಂತ ಹೆಬ್ಬೆಟ್ಟಿಗೆ ಒಗ್ಗಿದ ಒಂದು ತಲೆಮಾರು ಇಲ್ಲಿ ಇನ್ನೂ ಇದೆ. ವೃದ್ಧಾಪ್ಯ ವೇತನ, ಬೆಳೆ ಪರಿಹಾರ, ಹಾಲಿನ ದುಡ್ಡು ಎಲ್ಲ ಬ್ಯಾಂಕ್ ಖಾತೆಗೇ ಬರುತ್ತದೆ. ಹುಣಸೂರಿನ ಕಟ್ಟೆಮಳಲವಾಡಿಯಲ್ಲಾಗಲಿ ಪಿರಿಯಾಪಟ್ಟಣದ ಕಂಪಲಾಪುರದಲ್ಲಾಗಲಿ ಹೊಗೆಸೊಪ್ಪು ಹರಾಜಾದ ಮೇಲೆ ಹಣ ನೇರವಾಗಿ ಬೆಳೆಗಾರನ ಖಾತೆಗೆ ಜಮೆಯಾಗುತ್ತದೆ; ವರ್ಷದ ದುಡಿಮೆಯೆಲ್ಲ ಕೆಲವೇ ವಾರಗಳಲ್ಲಿ ಬಂದು ಕೂರುವ ಖಾತೆ ಅದು. ಪ್ರಾಸಂಗಿಕವಾಗಿ ಹೇಳುವುದಾದರೆ, ಆ ಹರಾಜು ಕಟ್ಟೆಯ ಶಿಸ್ತನ್ನು ನಮ್ಮ ಗಣಕ ತಜ್ಞರು ಒಮ್ಮೆ ಹೋಗಿ ನೋಡಬೇಕು. ಹೊಗೆಸೊಪ್ಪು ಬೆಳೆಯುವುದು ಒಳಿತೋ ಕೆಡುಕೋ ಎಂಬ ಚರ್ಚೆ ಬೇರೆ. ಆದರೆ ನೋಂದಾಯಿತ ಬೆಳೆಗಾರ, ಪರವಾನಗಿಯ ಬ್ಯಾರನ್, ಅನುಮತಿಸಿದ ಪ್ರಮಾಣ, ಸಂಖ್ಯೆ ಹೊತ್ತ ಬೇಲು, ತೂಕ, ದರ್ಜೆ, ದರ, ಕೊಂಡವರು ಹೀಗೆ ಒಂದರಿಂದ ಇನ್ನೊಂದಕ್ಕೆ ಕೊಂಡಿ ಕಳಚದ ದಾಖಲೆ ಅಲ್ಲಿದೆ. ಮಿತಿ ಮೀರಿದ ಬೇಲು ಬಂದರೆ ಅದು ಯಾರದು ಎಂದು ಹುಡುಕುವ ಪ್ರಮೇಯವೇ ಬರುವುದಿಲ್ಲ.

ಹೆಬ್ಬೆಟ್ಟಿನ ಪ್ರಕರಣ ಕಲಿಸುವುದಿಷ್ಟು: ಎಚ್ಚರಿಕೆಗಳಿಂದ ಅನುಪಾಲನೆಗೆ ಹೋಗುವ ಒಂದೇ ದಾರಿ ಸಾಲದು; ಅನುಪಾಲನೆಯಿಂದ ಎಚ್ಚರಿಕೆಗಳ ಕಡೆಗೂ ನೋಡಬೇಕು. ಪುಸ್ತಕದಲ್ಲಿರುವ ಪ್ರತಿಯೊಂದು ಬಾಧ್ಯತೆಯ ಎದುರು, ‘ಇದು ಮುರಿದರೆ ನಮಗೆ ತಿಳಿಸುವ ಗಂಟೆ ಯಾವುದು?’ ಎಂದು ಕೇಳಿಕೊಳ್ಳಬೇಕು. ಉತ್ತರ ‘ಯಾವುದೂ ಇಲ್ಲ’ ಎಂದಿದ್ದರೆ ಆ ಅಂಕಣವನ್ನು ಹಸಿರು ಬಣ್ಣದಿಂದ ತುಂಬುವ ಬದಲು ಖಾಲಿ ಬಿಡಬೇಕು. ಮೌನವನ್ನು ಆರೋಗ್ಯವೆಂದು ದಾಖಲಿಸುವ ಚಾಳಿ ನಮ್ಮ ಪರದೆಗಳ ಮೇಲೆ ಬಹಳವಾಗಿದೆ.

ಕಾನೂನು ಈಗ ಬಿಗಿಯಾಗುತ್ತಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯ ನಿಯಮಗಳು 2025ರ ನವೆಂಬರಿನಲ್ಲಿ ಅಧಿಸೂಚಿತವಾದವು. ಸೂಕ್ತ ಭದ್ರತೆ ಒದಗಿಸದಿದ್ದರೆ 250 ಕೋಟಿ ರೂಪಾಯಿಯವರೆಗೆ ದಂಡ. ಸೋರಿಕೆಯಾದರೆ ಬಾಧಿತರಿಗೆ ವಿಳಂಬವಿಲ್ಲದೆ ತಿಳಿಸಬೇಕು, ದತ್ತಾಂಶ ಸಂರಕ್ಷಣಾ ಮಂಡಳಿಗೆ 72 ಗಂಟೆಯೊಳಗೆ ವಿವರವಾದ ವರದಿ ಕೊಡಬೇಕು. ಅಧಿಸೂಚನೆಯ ಪ್ರಕಾರ ಈ ಪ್ರಮುಖ ಬಾಧ್ಯತೆಗಳು ಹದಿನೆಂಟು ತಿಂಗಳ ನಂತರ, ಅಂದರೆ 2027ರ ಮೇ ತಿಂಗಳಲ್ಲಿ ಜಾರಿಗೆ ಬರುವಂಥವು. ಆದರೆ ಅದೇ ಕಾಯಿದೆಯ 17ನೇ ಪ್ರಕರಣವು ಕೆಲವು ಕಾರಣಗಳಿಗಾಗಿ ಸರ್ಕಾರದ ಅಂಗಸಂಸ್ಥೆಗಳನ್ನು ಅಧಿಸೂಚನೆಯ ಮೂಲಕ ಹೊರಗಿಡಲು ಕೇಂದ್ರಕ್ಕೆ ಅವಕಾಶ ನೀಡಿದೆ. ಈ ಬಾಗಿಲನ್ನು ನಾನು ಅನುಮಾನದಿಂದಲೇ ನೋಡುತ್ತೇನೆ. ಸರ್ಕಾರಿ ಇಲಾಖೆಗೆ ದಂಡ ಹಾಕುವುದರಿಂದ ಒಂದು ಜೇಬಿನ ಹಣ ಇನ್ನೊಂದು ಜೇಬಿಗೆ ಹೋಗುತ್ತದೆಯಷ್ಟೆ ಎಂಬ ವಾದವೂ ಇದೆ. ಇದರಲ್ಲಿ ಹುರುಳಿಲ್ಲದಿಲ್ಲ. ಆದ್ದರಿಂದಲೇ ದಂಡಕ್ಕಿಂತ ಪ್ರಕಟಣೆಯ ಮೇಲೆ ನನಗೆ ಹೆಚ್ಚು ಭರವಸೆ. ಗಂಭೀರ ಎಚ್ಚರಿಕೆಗಳು ಎಷ್ಟು ಬಂದವು, ಅವುಗಳಲ್ಲಿ ಎಷ್ಟಕ್ಕೆ ಹೊಣೆಗಾರರೇ ಪತ್ತೆಯಾಗಲಿಲ್ಲ, ತೊಂಬತ್ತು ದಿನ ಮೀರಿದವು ಎಷ್ಟು, ಎಷ್ಟಕ್ಕೆ ವಿನಾಯಿತಿ ನೀಡಿ ಮುಂದೂಡಲಾಯಿತು — ಈ ನಾಲ್ಕು ಅಂಕಿಗಳನ್ನು ಪ್ರತಿ ಇಲಾಖೆಯೂ ವರ್ಷಕ್ಕೊಮ್ಮೆ ವಿಧಾನಮಂಡಲದ ಮುಂದಿಡಲಿ. ಇದರಿಂದ ದಾಳಿಕೋರರಿಗೆ ಸುಳಿವು ಸಿಗುತ್ತದೆಂದು ಭದ್ರತಾ ತಜ್ಞ ಮಿತ್ರರೊಬ್ಬರು ಆಕ್ಷೇಪಿಸಿದರು. ಯಂತ್ರದ ಹೆಸರಿಲ್ಲದ, ದೋಷದ ವಿವರವಿಲ್ಲದ ಒಟ್ಟು ಅಂಕಿಗಳಿಂದ ಯಾವ ಕಳ್ಳನಿಗೂ ದಾರಿ ಸಿಗದು. ಕೇಳಬೇಕಾದ ಶಾಸಕರಿಗೆ ಮಾತ್ರ ಪ್ರಶ್ನೆ ಸಿಗುತ್ತದೆ.

ಇದಕ್ಕೆ ದೊಡ್ಡ ವೆಚ್ಚವೇನೂ ಬೇಡ. ಭೂಮಿ ಯೋಜನೆಯಲ್ಲಿ ಸುಮಾರು 2 ಕೋಟಿ ಪಹಣಿಗಳನ್ನು ಗಣಕಕ್ಕೆ ಏರಿಸಿ, 15 ರೂಪಾಯಿಗೆ ಪ್ರತಿ ಕೊಡತೊಡಗಿದ ರಾಜ್ಯ ಇದು. ಆ ಕಾಲದಲ್ಲಿಯೇ ದಾಖಲೆ ತಿದ್ದುವ ಅಧಿಕಾರಿಯ ಬೆರಳಚ್ಚನ್ನು ಕಡ್ಡಾಯ ಮಾಡಿ, ಯಾರು, ಯಾವಾಗ, ಏನನ್ನು ಬದಲಿಸಿದರು ಎಂಬುದಕ್ಕೆ ಉತ್ತರ ಸಿಗುವಂತೆ ಮಾಡಿದ್ದರು. ಈಗ ಬೇಕಾಗಿರುವುದು ಅದರ ಮುಂದಿನ ಪುಟ. ನೋಂದಣಿಯಾದ ಕ್ರಯಪತ್ರದ ವಿವರ ಜೆ-ಸ್ಲಿಪ್ ಆಗಿ ಕಾವೇರಿಯಿಂದ ಭೂಮಿಗೆ ಹೋಗುತ್ತದೆ. ಅಲ್ಲಿಂದ ಮ್ಯುಟೇಶನ್, ಪಹಣಿ. ಎರಡು ಇಲಾಖೆಗಳ ನಡುವಿನ ಈ ದಾರಿಯಲ್ಲಿ ಗಂಟೆ ಬಾರಿಸಿದರೆ ಅದು ನೋಂದಣಿಯವರದೋ ಕಂದಾಯದವರದೋ ಎಂಬುದನ್ನು ಮೊದಲು ಬರೆದಿಡಲಿ. 2027ರ ಮೇ ತಿಂಗಳಿಗೆ ಮುನ್ನ ಹುಣಸೂರು ಉಪವಿಭಾಗವನ್ನೇ ಪ್ರಯೋಗಕ್ಕೆ ಆರಿಸಿಕೊಳ್ಳಬಹುದು: ಅಲ್ಲಿನ ಉಪನೋಂದಣಿ ಕಚೇರಿಗಳೂ ತಾಲ್ಲೂಕು ಕಚೇರಿಗಳೂ ಆಶ್ರಯಿಸಿರುವ ಪ್ರತಿ ಸೇವೆಯ ಎದುರು ಒಬ್ಬ ಅಧಿಕಾರಿಯ ಹುದ್ದೆ, ಒಂದು ದೂರವಾಣಿ ಸಂಖ್ಯೆ, ಕಳೆದ ತಪಾಸಣೆಯ ದಿನಾಂಕ. ಎರಡು ಪುಟಕ್ಕೆ ಮೀರದ ಪಟ್ಟಿ. ಅದನ್ನು ಕಚೇರಿಯ ಸೂಚನಾ ಫಲಕದಲ್ಲಿ, ಸೇವಾಶುಲ್ಕದ ಪಟ್ಟಿಯ ಪಕ್ಕದಲ್ಲಿಯೇ ಅಂಟಿಸಿದರೆ ‘ಸರ್ವರ್ ಇಲ್ಲ’ ಎಂಬ ಉತ್ತರ ಪಡೆದವನು ಮುಂದೆ ಯಾರನ್ನು ಕೇಳಬೇಕೆಂಬುದಾದರೂ ಅವನಿಗೆ ತಿಳಿದೀತು.